ಅಡಿಕೆ ಲೋಲಕದಲ್ಲಿ ಚರಗಳನ್ನು ಹುಡುಕಿದ್ದು

ಚರ ಅಂದರೆ ಪ್ರಯೋಗದಲ್ಲಿ ಬದಲಾಗಬಹುದಾದ ಅಂಶ. ಸ್ವತಂತ್ರ ಚರ, ಅವಲಂಬಿತ ಚರ ಹೇಳಿಕೊಡುವಾಗ ನಾನು ವ್ಯಾಖ್ಯಾನ ಬರೆಸುವುದಿಲ್ಲ. ಬರೆಸಿದರೆ ಬಾಯಿಪಾಠ ಆಗುತ್ತದೆ, ಅಷ್ಟೇ. ತೀರ್ಥಹಳ್ಳಿ ಕಡೆಯ ನಮ್ಮ ಶಾಲೆಯಲ್ಲಿ ಅಡಿಕೆಗೇನು ಬರವೇ? ಸಿಪ್ಪೆ ಸುಲಿಯದ ಒಂದು ಒಣ ಅಡಿಕೆ, ಹೊಲಿಗೆ ದಾರ, ಟೇಪು, ಮೊಬೈಲಿನ ಸ್ಟಾಪ್‌ವಾಚ್ ಇದ್ದರೆ ಸಾಕು. ಬಾಗಿಲ ಚೌಕಟ್ಟಿನ ಮೊಳೆಗೆ ಕಟ್ಟಿದರೆ ಲೋಲಕ ತಯಾರು. ಮಳೆಗಾಲವಾದರೆ ಕಿಟಕಿ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಗಾಳಿಯೂ ಪ್ರಯೋಗದಲ್ಲಿ ಕೈ ಹಾಕುತ್ತದೆ.

ಮೊದಲು ಪಟ್ಟಿಯ ಗೆರೆ ಎಳೆಸುತ್ತೇನೆ. ಒಂದು ಕಾಲಂ ಲೋಲಕದ ಉದ್ದಕ್ಕೆ: 25, 50, 100 ಸೆಂ.ಮೀ. ಇನ್ನೊಂದು ಕಾಲಂ 10 ಆಂದೋಲನಕ್ಕೆ, ಅಂದರೆ ಹತ್ತು ಸಲ ಹೋಗಿ ಬರುವುದಕ್ಕೆ, ಹಿಡಿಯುವ ಸಮಯಕ್ಕೆ. ಪ್ರಯೋಗಕ್ಕೆ ಮೊದಲೇ ತುಂಬಿಸಬಹುದಾದ ಕಾಲಂ ಸ್ವತಂತ್ರ ಚರದ್ದು. ಅಳೆಯುವವರೆಗೆ ಖಾಲಿ ಇರಬೇಕಾದದ್ದು ಅವಲಂಬಿತ ಚರದ್ದು. ಸಮಯ ಸುಮಾರು 10, 14, 20 ಸೆಕೆಂಡ್ ಬರುತ್ತದೆ. ಉದ್ದ ನಾಲ್ಕು ಪಟ್ಟಾದರೂ ಸಮಯ ಎರಡೇ ಪಟ್ಟು! ಮಕ್ಕಳು ನಂಬುವುದಿಲ್ಲ, ಮತ್ತೆ ತೂಗಾಡಿಸಿ ನೋಡುತ್ತಾರೆ.

ನಿಜವಾದ ಮಜಾ ತೂಕ ಬದಲಾಯಿಸುವಾಗ. ಅಡಿಕೆ ಬಿಚ್ಚಿ, ಅದೇ ದಾರಕ್ಕೆ ದಪ್ಪ ಕಲ್ಲು ಕಟ್ಟುತ್ತಾರೆ. ಸಮಯ ತುಸು ಜಾಸ್ತಿ ಬರುತ್ತದೆ. "ತೂಕದಿಂದಲೇ ಟೀಚರ್" ಅಂತ ಗಲಾಟೆ. ಆದರೆ ಲೋಲಕದ ಉದ್ದವನ್ನು ಮೊಳೆಯಿಂದ ತೂಗುವ ವಸ್ತುವಿನ ನಡುಮಧ್ಯಕ್ಕೆ ಅಳೆಯಬೇಕು. ಕಲ್ಲು ದಪ್ಪಗಿದ್ದರೆ ಅದರ ನಡು ಕೆಳಗೆ ಹೋಗುತ್ತದೆ. ಅಲ್ಲಿಗೆ ತೂಕದ ಜೊತೆ ಉದ್ದವೂ ಸದ್ದಿಲ್ಲದೆ ಬದಲಾಯಿತು, ಅಲ್ವಾ? ದಾರವನ್ನು ಅಷ್ಟೇ ಮೋಟು ಮಾಡಿ ಕಟ್ಟಿ, ಎಳೆದು ಬಿಡುವ ದೂರವನ್ನೂ ಸ್ವಲ್ಪವೇ ಇಟ್ಟುಕೊಂಡರೆ, ಕಲ್ಲಿಗೂ ಅಡಿಕೆಗೂ ಹೆಚ್ಚುಕಡಿಮೆ ಒಂದೇ ಸಮಯ. ನಿಯಂತ್ರಿತ ಚರ, ಅಂದರೆ ಬದಲಾಗದಂತೆ ಹಿಡಿದಿಡುವ ಅಂಶ, ಯಾಕೆ ಬೇಕು ಅಂತ ಆಮೇಲೆ ಬೇರೆ ಪಾಠ ಮಾಡಬೇಕಾಗಿಲ್ಲ.

"ಏನೂ ವ್ಯತ್ಯಾಸ ಆಗಲಿಲ್ಲ ಅಂದ್ಮೇಲೆ ತೂಕ ಸ್ವತಂತ್ರ ಚರ ಹೇಗಾಯ್ತು?" ಅಂತ ಯಾರಾದರೂ ಕೇಳಿದರೆ ನನಗೆ ಖುಷಿ. ನಾವು ಬೇಕೆಂದೇ ಬದಲಾಯಿಸಿದ್ದು ಅದನ್ನೇ. ಪರಿಣಾಮ ಆಗಲಿ, ಬಿಡಲಿ, ಅದರ ಸ್ಥಾನ ಬದಲಾಗುವುದಿಲ್ಲ.

ಸಮಯ ಅಂದರೆ ಯಾವಾಗಲೂ ಸ್ವತಂತ್ರ ಚರ ಅಂತ ಕೆಲವರು ಸುಮ್ನೆ ಉರು ಹೊಡೆದಿರುತ್ತಾರೆ. ಲೋಲಕದಲ್ಲಿ ಅದು ಅವಲಂಬಿತ. ಮರುದಿನ ನೆನೆಸಿದ ಹೆಸರುಕಾಳು ತರಿಸಿ, ಮೊಳಕೆ ಅಳೆಯುವುದಕ್ಕೆ ಪಟ್ಟಿ ಹಾಕಿ ಅನ್ನುತ್ತೇನೆ. ಈ ಸಲ 12, 24, 36 ಗಂಟೆ ಅಂತ ಸಮಯದ ಕಾಲಮ್ಮನ್ನೇ ಅವರು ಮೊದಲು ತುಂಬಿಸುತ್ತಾರೆ.