ಗೇಮ್ ಲ್ಯಾಗ್ ಆಗ್ತಿದೆಯಾ? ದೊಡ್ಡ ಪ್ಲಾನ್ ತಗೊಳ್ಳೋ ಮೊದಲು ಇಷ್ಟು ನೋಡಿ

ಮನೆಯಲ್ಲಿ 100 ಎಂಬಿಪಿಎಸ್ ಪ್ಲಾನ್ ಇದೆ. ಯೂಟ್ಯೂಬ್ ಎಲ್ಲೂ ನಿಲ್ಲದೆ ಓಡುತ್ತದೆ. ಆದರೆ ಬಿಜಿಎಂಐ ಅಥವಾ ವ್ಯಾಲೊರಂಟ್ ಆಡಲು ಕೂತರೆ ಎದುರಾಳಿ ಇಲ್ಲಿ ಮಾಯವಾಗಿ ಅಲ್ಲಿ ಕಾಣಿಸಿಕೊಳ್ಳುತ್ತಾನೆ. ನೀವು ಹೊಡೆದ ಗುಂಡು ಲೆಕ್ಕಕ್ಕೇ ಬರುವುದಿಲ್ಲ. ಆಗ ಹೆಚ್ಚಿನವರು ಮಾಡುವ ಕೆಲಸ ಅಂದರೆ ಇನ್ನೂ ದೊಡ್ಡ ಪ್ಲಾನಿಗೆ ದುಡ್ಡು ಕಟ್ಟುವುದು. ತಿಂಗಳ ಬಿಲ್ ಏರುತ್ತದೆ, ಲ್ಯಾಗ್ ಮಾತ್ರ ಹಾಗೇ ಇರುತ್ತದೆ.

ಕಾರಣ ಇಷ್ಟೇ. ಆಟ ನಡೆಯುವಾಗ ಹೆಚ್ಚಿನ ಗೇಮ್‌ಗಳಿಗೆ 1 ಎಂಬಿಪಿಎಸ್ ಕೂಡ ಬೇಕಾಗುವುದಿಲ್ಲ. ದೊಡ್ಡ ಪ್ಲಾನ್ ಉಪಯೋಗಕ್ಕೆ ಬರುವುದು ಗೇಮ್ ಡೌನ್‌ಲೋಡ್ ಮಾಡುವಾಗ. ವಿಡಿಯೊ ಆದರೆ ಮುಂದಿನ ಕೆಲವು ಸೆಕೆಂಡಿನದ್ದನ್ನು ಮೊದಲೇ ಇಳಿಸಿ ಇಟ್ಟುಕೊಳ್ಳುತ್ತದೆ. ಗೇಮ್‌ಗೆ ಆ ಅನುಕೂಲ ಇಲ್ಲ. ಎದುರಾಳಿ ಮುಂದೇನು ಮಾಡುತ್ತಾನೆ ಎನ್ನುವುದು ಇನ್ನೂ ನಡೆದೇ ಇಲ್ಲವಲ್ಲ!

ಹಾಗಾಗಿ ನೋಡಬೇಕಾದ್ದು ಬೇರೆ ಮೂರು ಸಂಗತಿ. ನಿಮ್ಮ ಸಂದೇಶ ಗೇಮ್ ಸರ್ವರ್‌ಗೆ ಹೋಗಿ ಉತ್ತರ ಬರಲು ಹಿಡಿಯುವ ಸಮಯ ಪಿಂಗ್. ಆ ಸಮಯ ಒಂದೇ ಸಮ ಇರದೆ ಏರಿಳಿದರೆ ಅದು ಜಿಟರ್. ಸಂದೇಶ ದಾರಿಯಲ್ಲೇ ಕಳೆದುಹೋದರೆ ಪ್ಯಾಕೆಟ್ ಲಾಸ್. ಶೂಟಿಂಗ್ ಗೇಮ್‌ಗೆ 30–40 ಮಿಲಿಸೆಕೆಂಡ್ ಪಿಂಗ್ ಚೆನ್ನಾಗಿದೆ, 70ರವರೆಗೂ ಆಡಬಹುದು, 100 ದಾಟಿದರೆ ಕೈಗೆ ಗೊತ್ತಾಗುತ್ತದೆ. ಒಂದು ಮಾತು ಮರೆಯಬೇಡಿ: ಅಲುಗಾಡದೆ ನಿಂತ 70, ಆಗಾಗ 200ಕ್ಕೆ ಹಾರುವ 30ಕ್ಕಿಂತ ಎಷ್ಟೋ ವಾಸಿ.

ಮೊದಲು: ತಪ್ಪು ನೆಟ್‌ನದ್ದೇನಾ?

ಗೇಮ್‌ನೊಳಗೆ ಪಿಂಗ್ ತೋರಿಸುವ ವ್ಯವಸ್ಥೆ ಇರುತ್ತದೆ. ವ್ಯಾಲೊರಂಟ್‌ನಲ್ಲಿ ವಿಡಿಯೊ ಸೆಟ್ಟಿಂಗ್ಸ್‌ನ ಸ್ಟ್ಯಾಟ್ಸ್ ಭಾಗದಲ್ಲಿ ಆನ್ ಮಾಡಬಹುದು. ಬಿಜಿಎಂಐ ತೆರೆಯ ಮೇಲೆಯೇ ತೋರಿಸುತ್ತದೆ. ಪಿಂಗ್ ಸ್ಥಿರವಾಗಿದ್ದೂ ಚಿತ್ರ ತಡವರಿಸುತ್ತಿದ್ದರೆ ನೆಟ್ ಅನ್ನು ಸುಮ್ನೆ ಬೈಯಬೇಡಿ. ಫೋನ್ ಬಿಸಿಯಾಗಿರಬಹುದು ಅಥವಾ ಕಂಪ್ಯೂಟರ್‌ಗೆ ಆ ಗ್ರಾಫಿಕ್ಸ್ ಎಳೆಯಲು ಆಗುತ್ತಿಲ್ಲದಿರಬಹುದು. ಗ್ರಾಫಿಕ್ಸ್ ಕಡಿಮೆ ಮಾಡಿ, ಚಾರ್ಜ್‌ಗೆ ಹಾಕಿಕೊಂಡು ಆಡುವುದನ್ನು ಬಿಡಿ.

ಎರಡು ಪಿಂಗ್, ಒಂದೇ ಹೊತ್ತಿಗೆ

ಇಡೀ ತಪಾಸಣೆಯಲ್ಲಿ ಇದೇ ಮುಖ್ಯ. ನಿಮ್ಮ ಸಂದೇಶ ಮೂರು ತುಂಡು ದಾರಿ ದಾಟುತ್ತದೆ: ಫೋನ್ ಅಥವಾ ಕಂಪ್ಯೂಟರ್‌ನಿಂದ ರೂಟರ್‌ಗೆ, ರೂಟರ್‌ನಿಂದ ಇಂಟರ್ನೆಟ್ ಕಂಪನಿಗೆ, ಅಲ್ಲಿಂದ ಗೇಮ್ ಸರ್ವರ್‌ಗೆ. ಯಾವ ತುಂಡಿನಲ್ಲಿ ತಡ ಆಗುತ್ತಿದೆ ಎಂದು ತಿಳಿಯದೆ ಏನು ಮಾಡಿದರೂ ಕತ್ತಲಲ್ಲಿ ಕೈಯಾಡಿಸಿದ ಹಾಗೆ.

ವಿಂಡೋಸ್‌ನಲ್ಲಿ ಆದೇಶ ಟೈಪ್ ಮಾಡುವ ಕಿಟಕಿ, ಅಂದರೆ ಕಮಾಂಡ್ ಪ್ರಾಂಪ್ಟ್, ತೆರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಐಪಿಕಾನ್ಫಿಗ್ (ipconfig) ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಡೀಫಾಲ್ಟ್ ಗೇಟ್‌ವೇ ಎಂಬುದರ ಮುಂದೆ ಕಾಣುವುದೇ ನಿಮ್ಮ ರೂಟರ್ ವಿಳಾಸ. ಸಾಮಾನ್ಯವಾಗಿ 192.168.1.1 ಇಲ್ಲವೇ 192.168.0.1 ಇರುತ್ತದೆ. ಈಗ ಪಿಂಗ್ (ping) ಎಂದು ಬರೆದು, ಜಾಗ ಬಿಟ್ಟು ಆ ವಿಳಾಸ, ಮತ್ತೆ ಜಾಗ ಬಿಟ್ಟು ಹೈಫನ್ ಮತ್ತು ಟಿ ಅಕ್ಷರ (-t) ಹಾಕಿ. ನೀವು ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸುವವರೆಗೂ ಅಳೆಯುತ್ತಲೇ ಇರುತ್ತದೆ. ಇನ್ನೊಂದು ಕಿಟಕಿ ತೆರೆದು ಇದೇ ರೀತಿ ಗೂಗಲ್‌ನ 8.8.8.8 ವಿಳಾಸಕ್ಕೂ ಪಿಂಗ್ ಹಚ್ಚಿ. ಎರಡೂ ಓಡುತ್ತಿರಲಿ, ನೀವು ಒಂದು ಮ್ಯಾಚ್ ಆಡಿ ಬನ್ನಿ. ಫೋನಿನಲ್ಲಾದರೆ ಪ್ಲೇ ಸ್ಟೋರ್‌ನಲ್ಲಿ ಪಿಂಗ್ ಅಳೆಯುವ ಆ್ಯಪ್‌ಗಳು ಸಿಗುತ್ತವೆ.

ಲ್ಯಾಗ್ ಆದ ಹೊತ್ತಿನಲ್ಲಿ ಏನಾಗಿತ್ತು ನೋಡಿ. ರೂಟರ್‌ಗೆ ಕೇಬಲ್‌ನಲ್ಲಿ 1 ಮಿಲಿಸೆಕೆಂಡ್ ಆಸುಪಾಸು, ವೈಫೈನಲ್ಲಿ 2ರಿಂದ 5 ಇರುವುದು ಸಹಜ. ಅದೇ 80, 150 ಎಂದು ಹಾರುತ್ತಿದ್ದರೆ ಅಥವಾ ಟೈಮ್ಡ್ ಔಟ್ ಎಂದು ಬರುತ್ತಿದ್ದರೆ ತೊಂದರೆ ಮನೆಯೊಳಗಿನ ವೈಫೈನದ್ದು. ರೂಟರ್ ಶಾಂತವಾಗಿದ್ದು 8.8.8.8 ಮಾತ್ರ ಕುಣಿಯುತ್ತಿದ್ದರೆ ತೊಂದರೆ ರೂಟರ್‌ನ ಹೊರದಾರಿಯಲ್ಲಿ ಅಥವಾ ಅದರಿಂದ ಆಚೆ. ಎರಡೂ ಸರಿ ಇದ್ದು ಗೇಮ್‌ನಲ್ಲಿ ಮಾತ್ರ ಪಿಂಗ್ ಜಾಸ್ತಿ ಇದ್ದರೆ ಸರ್ವರ್ ದೂರ ಇದೆ, ಇಲ್ಲವೇ ದಾರಿ ಸುತ್ತಿ ಬಳಸಿ ಹೋಗುತ್ತಿದೆ.

ವೈಫೈ ತೊಂದರೆಯಾದರೆ

ಆಗುವುದಾದರೆ ಕೇಬಲ್ ಎಳೆಯಿರಿ. ಇದಕ್ಕಿಂತ ಒಳ್ಳೆಯ ಪರಿಹಾರ ಇಲ್ಲ, ಇಷ್ಟು ಅಗ್ಗದ ಪರಿಹಾರವೂ ಇಲ್ಲ. ಕ್ಯಾಟ್ 5ಇ ಎನ್ನುವ ನೆಟ್‌ವರ್ಕ್ ಕೇಬಲ್ 100 ಮೀಟರ್‌ವರೆಗೂ 1 ಜಿಬಿಪಿಎಸ್ ಹೊರುತ್ತದೆ. ಮನೆಗೆ ಅದೇ ಸಾಕು. ‘ಗೇಮಿಂಗ್ ಕೇಬಲ್’ ಎಂದು ಬಣ್ಣದ ಡಬ್ಬದಲ್ಲಿ ಮಾರುವುದಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಿಗೂ ಟೈಪ್ ಸಿ ಅಡಾಪ್ಟರ್ ಹಾಕಿ ಕೇಬಲ್ ಕೊಡಬಹುದು.

ಕೇಬಲ್ ಸಾಧ್ಯವೇ ಇಲ್ಲ ಎಂದರೆ ರೂಟರ್ ಎಲ್ಲಿದೆ ನೋಡಿ. ಫೈಬರ್ ಎಳೆಯಲು ಬಂದವರು ತಮಗೆ ಸುಲಭವಾದ ಜಾಗದಲ್ಲಿ, ಬಾಗಿಲ ಪಕ್ಕವೋ ಟಿವಿ ಹಿಂದೆಯೋ ಕೂರಿಸಿ ಹೋಗಿರುತ್ತಾರೆ. ಮರದ ಕಪಾಟಿನೊಳಗೆ, ಸ್ಟೀಲ್ ಬೀರುವಿನ ಹಿಂದೆ, ದೊಡ್ಡ ಕನ್ನಡಿ ಪಕ್ಕ ಬೇಡ. ಆಡುವ ಕೋಣೆಗೆ ಹತ್ತಿರ, ಎದೆಯೆತ್ತರದಲ್ಲಿ ಬಯಲಾಗಿರಲಿ. ಹೆಚ್ಚಿನ ರೂಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡ್‌ನಲ್ಲಿ ವೈಫೈ ಕೊಡುತ್ತವೆ. ಸಂಪರ್ಕಕ್ಕೆ 5 ಬಳಸಿ. 2.4ರಲ್ಲಿ ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲವೂ ಒಂದರ ಮೇಲೊಂದು ಬೀಳುತ್ತವೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಂತೂ ಫೋನ್ ತೆರೆದರೆ ಇಪ್ಪತ್ತು ಮೂವತ್ತು ವೈಫೈ ಹೆಸರು ಕಾಣುತ್ತವೆ. ಎರಡೂ ಬ್ಯಾಂಡ್‌ಗೆ ಒಂದೇ ಹೆಸರಿದ್ದರೆ ರೂಟರ್ ಪುಟದಲ್ಲಿ (ಬ್ರೌಸರ್‌ನಲ್ಲಿ ರೂಟರ್ ವಿಳಾಸ ಹಾಕಿದರೆ ತೆರೆಯುವ ಸೆಟ್ಟಿಂಗ್ಸ್) ಬೇರೆ ಬೇರೆ ಹೆಸರು ಕೊಡಿ. ಆಗ ಫೋನ್ ತನ್ನಷ್ಟಕ್ಕೆ 2.4ಕ್ಕೆ ಜಾರುವುದಿಲ್ಲ.

ಆದರೆ 5 ಗಿಗಾಹರ್ಟ್ಸ್‌ಗೆ ಗೋಡೆ ದಾಟುವ ಶಕ್ತಿ ಕಡಿಮೆ. ಕರಾವಳಿಯ ಕೆಂಪುಕಲ್ಲಿನ ಮನೆಗಳಲ್ಲಿ, ಮಲೆನಾಡಿನ ದಪ್ಪ ಮಣ್ಣಿನ ಗೋಡೆಯ ಮನೆಗಳಲ್ಲಿ ಎರಡು ಕೋಣೆ ದಾಟುವಷ್ಟರಲ್ಲೇ ಸೋತುಹೋಗುತ್ತದೆ. ಅಲ್ಲಿ 2.4 ಬಿಟ್ಟು ದಾರಿ ಇಲ್ಲದಿದ್ದರೆ ಚಾನೆಲ್ ಅನ್ನು 1, 6 ಅಥವಾ 11ಕ್ಕೆ ಹಾಕಿ. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ಅಕ್ಕಪಕ್ಕದವರು ಕಡಿಮೆ ಬಳಸುತ್ತಿರುವುದನ್ನು ಆರಿಸಿಕೊಳ್ಳಿ. ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಅಗ್ಗದ ರಿಪೀಟರ್ ಕೊಂಡರೆ ಸಿಗ್ನಲ್ ಕಡ್ಡಿ ಪೂರ್ತಿ ಕಾಣುತ್ತದೆ, ಆದರೆ ಪಿಂಗ್ ಇನ್ನೂ ಏರುತ್ತದೆ. ಅದರ ಬದಲು ಆ ಕೋಣೆಗೆ ಒಂದು ಕೇಬಲ್ ಎಳೆದು ತುದಿಗೆ ಇನ್ನೊಂದು ರೂಟರ್ ಹಾಕಿ.

ಸಂಜೆ ಮಾತ್ರ ಲ್ಯಾಗ್ ಆದರೆ

ರಾತ್ರಿ ಎಂಟರಿಂದ ಹತ್ತರ ಹೊತ್ತು ಲ್ಯಾಗ್ ಬಂದರೆ ಮನೆಯಲ್ಲಿ ಮೊದಲ ಬೈಗುಳ ಸೀರಿಯಲ್ ನೋಡುವ ಅಮ್ಮನಿಗೆ. ಇದು ಅನ್ಯಾಯ. ಎಚ್‌ಡಿ ವಿಡಿಯೊಗೆ 5 ಎಂಬಿಪಿಎಸ್ ಸುತ್ತಮುತ್ತ ಸಾಕು. 100ರ ಪ್ಲಾನಿನಲ್ಲಿ ಅದೊಂದರಿಂದ ನಿಮ್ಮ ಆಟ ಕೆಡುವುದಿಲ್ಲ. ನಿಜವಾದ ತೊಂದರೆ ಹೆಚ್ಚಿನ ಸಲ ಅಪ್‌ಲೋಡ್‌ನಲ್ಲಿರುತ್ತದೆ, ಅದೂ ಯಾರಿಗೂ ಗೊತ್ತಿಲ್ಲದ ಹಾಗೆ.

ಮದುವೆ ಮನೆಯಿಂದ ಬಂದ ಅಣ್ಣನ ಫೋನ್ ವೈಫೈಗೆ ಸೇರಿದ ಕೂಡಲೇ ನೂರಾರು ಫೋಟೊ, ವಿಡಿಯೊಗಳನ್ನು ಗೂಗಲ್ ಫೋಟೋಸ್‌ಗೆ ಏರಿಸಲು ಶುರು ಮಾಡುತ್ತದೆ. ಗೇಟಿನ ಸಿಸಿಟಿವಿ ಕ್ಯಾಮೆರಾ ಕ್ಲೌಡ್‌ಗೆ ಕಳಿಸುತ್ತಿರುತ್ತದೆ. ವಿಂಡೋಸ್ ತಾನು ಇಳಿಸಿದ ಅಪ್‌ಡೇಟನ್ನು ಬೇರೆಯವರ ಕಂಪ್ಯೂಟರ್‌ಗೂ ಹಂಚುತ್ತಿರಬಹುದು. ರೂಟರ್ ಇವನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದೊಂದೇ ಹೊರಗೆ ಬಿಡುತ್ತದೆ. ಒಂದೇ ಒಂದು ಹಾಲಿನ ಪ್ಯಾಕೆಟ್ ಬೇಕಾದವನು ಮದುವೆಗೆ ಐವತ್ತು ಲೀಟರ್ ಕೇಳುವವನ ಹಿಂದೆ ನಿಂತ ಹಾಗೆ ಗೇಮ್‌ನ ಪುಟಾಣಿ ಸಂದೇಶ ಕಾಯುತ್ತದೆ. ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ.

ಪರೀಕ್ಷೆ ಸುಲಭ. 8.8.8.8ಕ್ಕೆ ಪಿಂಗ್ ಹಚ್ಚಿ, ಫೋನಿನಿಂದ ಒಂದು ದೊಡ್ಡ ವಿಡಿಯೊವನ್ನು ಗೂಗಲ್ ಡ್ರೈವ್‌ಗೆ ಏರಿಸಿ. 20 ಇದ್ದ ಪಿಂಗ್ 200 ಆದರೆ ಕಾರಣ ಸಿಕ್ಕಿತು. ಫೋಟೊ ಬ್ಯಾಕಪ್ ಅನ್ನು ಆಡುವ ಹೊತ್ತು ನಿಲ್ಲಿಸಿ. ವಿಂಡೋಸ್ ಅಪ್‌ಡೇಟ್ ಸೆಟ್ಟಿಂಗ್ಸ್‌ನಲ್ಲಿ ಡೆಲಿವರಿ ಆಪ್ಟಿಮೈಸೇಶನ್ ಆಫ್ ಮಾಡಿ. ಗೇಮ್ ಕೊಂಡು ಇಳಿಸುವ ಸ್ಟೀಮ್ ಆ್ಯಪ್‌ನಲ್ಲಿ ಆಡುವಾಗ ಡೌನ್‌ಲೋಡ್ ಬೇಡ ಎಂದು ಹೇಳಿ. ರೂಟರ್‌ನಲ್ಲಿ ಆ ಸಾಲನ್ನು ನಿಭಾಯಿಸುವ ಕ್ಯೂಒಎಸ್ (QoS) ಅಥವಾ ಎಸ್‌ಕ್ಯೂಎಂ (SQM) ಸೌಲಭ್ಯ ಇದ್ದರೆ ಇನ್ನೂ ಒಳ್ಳೆಯದು. ಸ್ಪೀಡ್ ಟೆಸ್ಟ್‌ನಲ್ಲಿ ಬಂದ ವೇಗದ ಶೇ 85–90ರಷ್ಟನ್ನು ಅಲ್ಲಿ ಮಿತಿಯಾಗಿ ಹಾಕಿ. ವೇಗ ಸ್ವಲ್ಪ ತಗ್ಗುತ್ತದೆ, ಪಿಂಗ್ ನೆಟ್ಟಗೆ ನಿಲ್ಲುತ್ತದೆ. ಹೊಸ ರೂಟರ್ ಕೊಳ್ಳುವುದಾದರೆ ಇದೊಂದು ಇದೆಯಾ ಎಂದು ಕೇಳಿ ಕೊಳ್ಳಿ. ಡಬ್ಬದ ಮೇಲಿನ ಎಂಬಿಪಿಎಸ್ ಸಂಖ್ಯೆ ಆಮೇಲೆ.

ರೂಟರ್‌ನಿಂದ ಆಚೆ

ಮನೆಯಲ್ಲಿ ಯಾರೂ ಏನೂ ಬಳಸದಿದ್ದರೂ 8.8.8.8ರ ಪಿಂಗ್ ಕುಣಿಯುತ್ತಿದ್ದರೆ ಫೈಬರ್ ಡಬ್ಬಿ ನೋಡಿ. ಪಾನ್ (PON) ದೀಪ ಹಸಿರಾಗಿ ನಿಂತಿರಬೇಕು. ಲಾಸ್ (LOS) ದೀಪ ಕೆಂಪಾದರೆ ಬೆಳಕೇ ಬರುತ್ತಿಲ್ಲ ಎಂದರ್ಥ. ಡಬ್ಬಿಗೆ ಸಿಕ್ಕಿಸಿದ ತೆಳ್ಳಗಿನ ಫೈಬರ್ ತಂತಿ (ಪ್ಯಾಚ್ ಕಾರ್ಡ್) ಎಲ್ಲೂ ಮಡಚಿರಬಾರದು, ಮೊಳೆಗೆ ಬಿಗಿದು ಸುತ್ತಿರಬಾರದು. ಬಿಚ್ಚಿದ ಫೈಬರ್ ತುದಿಗೆ ಕಣ್ಣಿಟ್ಟು ನೋಡಲೇಬೇಡಿ, ಅದರಲ್ಲಿ ಕಣ್ಣಿಗೆ ಕಾಣದ ಲೇಸರ್ ಇರುತ್ತದೆ. ರೂಟರ್ ಪುಟದಲ್ಲಿ ಆರ್‌ಎಕ್ಸ್ ಪವರ್ (RX Power) ಎಂಬ ಅಂಕಿ ಸಿಗುತ್ತದೆ, ಅದು ನಿಮಗೆ ಬಂದು ತಲುಪುವ ಬೆಳಕಿನ ಬಲ. ಮೈನಸ್ 15ರಿಂದ ಮೈನಸ್ 25 ಡಿಬಿಎಂ ಒಳಗಿದ್ದರೆ ಸರಿ. ಮೈನಸ್ 27 ಮುಟ್ಟಿದ್ದರೆ ಲೈನಿನಲ್ಲಿ ಎಲ್ಲೋ ಕೆಟ್ಟ ಜೋಡಣೆ ಇದೆ. ಮಳೆಗಾಲದಲ್ಲಿ ಮರದ ಕೊಂಬೆ ಬಿದ್ದು ಎಳೆದ ಲೈನ್‌ಗಳಲ್ಲಿ ಹೀಗಾಗುವುದು ಜಾಸ್ತಿ. ಲೈನ್‌ಮನ್‌ಗೆ ‘ನೆಟ್ ಸ್ಲೋ’ ಎನ್ನುವ ಬದಲು ಈ ಅಂಕಿ ಹೇಳಿ, ಕೆಲಸ ಬೇಗ ಆಗುತ್ತದೆ.

ಸರ್ವರ್ ಎಷ್ಟು ದೂರ?

ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಬೆಂಗಳೂರಿನಿಂದ ಮುಂಬೈ ನೇರ ಗೆರೆಯಲ್ಲಿ ಸುಮಾರು 850 ಕಿ.ಮೀ. ಹೋಗಿ ಬರಲು ಕನಿಷ್ಠ 8–9 ಮಿಲಿಸೆಕೆಂಡ್ ಬೇಕೇ ಬೇಕು. ಕೇಬಲ್ ನೇರ ಹೋಗುವುದಿಲ್ಲ, ನಡುವೆ ಯಂತ್ರಗಳೂ ಇವೆ, ಹಾಗಾಗಿ 20–35 ಬಂದರೆ ಖುಷಿಪಡಿ. ಸಿಂಗಪುರ ಸುಮಾರು 3,200 ಕಿ.ಮೀ. ಅಲ್ಲಿಗೆ 32ಕ್ಕಿಂತ ಕಡಿಮೆ ಯಾವ ಕಂಪನಿಯೂ ಕೊಡಲಾರದು. ಆದ್ದರಿಂದ ಗೇಮ್‌ನಲ್ಲಿ ಸರ್ವರ್ ಆರಿಸುವಾಗ ಭಾರತದ್ದನ್ನೇ ಆರಿಸಿ. ವ್ಯಾಲೊರಂಟ್‌ಗೆ ಮುಂಬೈ ಇದೆ. ಕೌಂಟರ್ ಸ್ಟ್ರೈಕ್ 2ಕ್ಕೆ ಮುಂಬೈ, ಚೆನ್ನೈ ಎರಡೂ ಇವೆ.

ನಿಮ್ಮೂರಿನ ಗೆಳೆಯನಿಗೆ ಮುಂಬೈಗೆ 30 ಬರುವಾಗ ನಿಮಗೆ 90 ಬರುತ್ತಿದ್ದರೆ ಕಂಪನಿ ಸಂದೇಶವನ್ನು ಸುತ್ತುದಾರಿಯಲ್ಲಿ ಕಳಿಸುತ್ತಿರಬಹುದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಟ್ರೇಸರ್ಟ್ (tracert) ಕಮಾಂಡ್ ಕೊಟ್ಟು ಸರ್ವರ್ ವಿಳಾಸ ಹಾಕಿದರೆ ದಾರಿಯ ಒಂದೊಂದು ನಿಲ್ದಾಣವೂ ಕಾಣುತ್ತದೆ. ನಡುವಿನ ಒಂದು ಸಾಲಿನಲ್ಲಿ ಮಾತ್ರ ಸಮಯ ಜಾಸ್ತಿ ಇದ್ದು ಮುಂದಿನವು ಸರಿ ಇದ್ದರೆ ಚಿಂತೆ ಬೇಡ. ಒಂದು ಕಡೆ ಏರಿದ್ದು ಕೊನೆಯವರೆಗೂ ಇಳಿಯದಿದ್ದರೆ ಅಲ್ಲೇ ತೊಂದರೆ. ಅದರ ಸ್ಕ್ರೀನ್‌ಶಾಟ್ ಜೊತೆ ದೂರು ಕೊಡಿ, ದೂರಿನ ಸಂಖ್ಯೆ (ಡಾಕೆಟ್ ನಂಬರ್) ಬರೆದಿಟ್ಟುಕೊಳ್ಳಿ. ಸರಿ ಮಾಡದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದಕ್ಕೆ ಶುಲ್ಕ ಇಲ್ಲ.

ಡಿಎನ್‌ಎಸ್ ಬದಲಿಸಿದರೆ ಪಿಂಗ್ ಇಳಿಯುತ್ತದೆ ಎನ್ನುವ ವಿಡಿಯೊಗಳನ್ನು ನಂಬಬೇಡಿ. ಡಿಎನ್‌ಎಸ್ ಕೆಲಸ ವಿಳಾಸ ಹುಡುಕುವುದು ಅಷ್ಟೇ, ಮ್ಯಾಚ್ ಶುರುವಾದ ಮೇಲೆ ಅದಕ್ಕೆ ಪಾತ್ರವಿಲ್ಲ. ಸಂದೇಶವನ್ನು ಬೇರೆ ದಾರಿಯಲ್ಲಿ ಕಳಿಸುವ ಬೂಸ್ಟರ್ ಆ್ಯಪ್‌ಗಳೂ ವಿಪಿಎನ್‌ಗಳೂ ಸುತ್ತುದಾರಿಯ ತೊಂದರೆ ಇದ್ದಾಗ ಮಾತ್ರ ನೆರವಾಗಬಹುದು. ಬೇರೆ ಹೊತ್ತಲ್ಲಿ ದಾರಿಯನ್ನು ಇನ್ನಷ್ಟು ಉದ್ದ ಮಾಡುತ್ತವೆ.

ಕೊನೆಗೆ ಕಂಪನಿಯನ್ನೇ ಬದಲಿಸಬೇಕಾಗಿ ಬಂದರೆ ಜಾಹೀರಾತು ನೋಡಿ ನಿರ್ಧರಿಸಬೇಡಿ. ಅದೇ ಬೀದಿಯಲ್ಲಿ ಆ ಕಂಪನಿಯ ಲೈನ್ ಇರುವ ಮನೆಗೆ ರಾತ್ರಿ ಒಂಬತ್ತಕ್ಕೆ ಹೋಗಿ, ಅವರ ವೈಫೈನಲ್ಲಿ ಒಂದು ಮ್ಯಾಚ್ ಆಡಿ ಪಿಂಗ್ ನೋಡಿ. ವರ್ಷದ ಪ್ಲಾನಿಗೆ ರಿಯಾಯಿತಿ ಕೊಡುತ್ತೇವೆ ಎಂದರೂ ಮೊದಲು ಒಂದು ತಿಂಗಳದ್ದು ಮಾತ್ರ ಕಟ್ಟಿ. ಆ ತಿಂಗಳು ಮುಗಿಯುವವರೆಗೂ ಹಳೆಯ ಲೈನ್ ಕಡಿಸಬೇಡಿ.