ಶಾ ಪ್ರಶಸ್ತಿಯ ಸುದ್ದಿ ಬಂದಾಗ ಅದನ್ನು ಓದುವುದು ಹೇಗೆ?

ಹಾಂಗ್‌ಕಾಂಗ್‌ನವರು 2004ರಿಂದ ವಿಜ್ಞಾನಿಗಳಿಗೆ ಕೊಡುತ್ತಿರುವ ಶಾ ಪ್ರಶಸ್ತಿಯ ಸುದ್ದಿ ಬಂದಾಗ ಹೆಸರು, ಫೋಟೊ, 12 ಲಕ್ಷ ಡಾಲರ್ ನೋಡಿ ಮುಂದೆ ಹೋಗಬೇಡಿ. ಪ್ರಶಸ್ತಿಯ ವೆಬ್‌ಸೈಟಿನಲ್ಲಿ ಯಾಕೆ ಕೊಟ್ಟರು ಅಂತ ಹೇಳುವ ಒಂದೆರಡು ಸಾಲು ಇರುತ್ತದೆ. ನಿಜವಾದ ಸುದ್ದಿ ಅದು. ಖಗೋಳ, ಜೀವವಿಜ್ಞಾನ-ವೈದ್ಯಕೀಯ, ಗಣಿತ, ಮೂರಕ್ಕೂ ಬೇರೆ ಬೇರೆ.

ಅದರಲ್ಲಿ ಗೊತ್ತಿಲ್ಲದ ಪದಗಳು ಹತ್ತಾರು ಇರುತ್ತವೆ. ಒಂದನ್ನು ಮಾತ್ರ ಹಿಡಿದುಕೊಳ್ಳಿ, ಆಮೇಲೆ 'ಇದಕ್ಕೂ ಮುಂಚೆ ಏನು ಗೊತ್ತಿತ್ತು?' ಅಂತ ಕೇಳಿ.

2024ರ ಖಗೋಳ ಪ್ರಶಸ್ತಿಯನ್ನೇ ತಗೊಳ್ಳಿ. ಹುಬ್ಬಳ್ಳಿಯಲ್ಲಿ ಓದಿ ಬೆಳೆದ ಶ್ರೀನಿವಾಸ ಕುಲಕರ್ಣಿಯವರಿಗೆ ಬಂತು. ಸುಧಾ ಮೂರ್ತಿಯವರ ತಮ್ಮ ಅನ್ನೋದು ಎಲ್ಲರಿಗೂ ಗೊತ್ತಾಯ್ತು, ಆದರೆ ಅವರು ಮಾಡಿದ ಕೆಲಸವೂ ಗೊತ್ತಾಗಬೇಕಲ್ವಾ? 'ಮಿಲಿಸೆಕೆಂಡ್ ಪಲ್ಸಾರ್' ಅನ್ನೋ ಪದ ಹಿಡಿದು ಹೊರಡಿ, ಅಂದರೆ ಸೆಕೆಂಡಿನ ಸಾವಿರದ ಕೆಲವೇ ಭಾಗದಲ್ಲಿ ಒಂದು ಸುತ್ತು ತಿರುಗುವ ನಕ್ಷತ್ರ. 1982ರಲ್ಲಿ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಇನ್ನೂ ಪಿಎಚ್‌ಡಿ ಮಾಡುತ್ತಿದ್ದಾಗ, ಅವರು ಖಗೋಳವಿಜ್ಞಾನಿ ಡಾನ್ ಬ್ಯಾಕರ್ ಮತ್ತಿತರರ ಜೊತೆ ಸೇರಿ ಸೆಕೆಂಡಿಗೆ 642 ಸಲ ತಿರುಗುವ ನಕ್ಷತ್ರವೊಂದನ್ನು ಕಂಡುಹಿಡಿದರು. ಅಡುಗೆಮನೆಯ ಮಿಕ್ಸಿ ಸುತ್ತುವುದು ಸೆಕೆಂಡಿಗೆ ಸುಮಾರು 300 ಸಲ. ಈ ನಕ್ಷತ್ರ ಸೂರ್ಯನಿಗಿಂತ ಜಾಸ್ತಿ ತೂಕದ್ದು, ಅಗಲ ಮಾತ್ರ ಒಂದು ಊರಿನಷ್ಟು! ಮುಂಚೆ ಗೊತ್ತಿದ್ದ ಅತಿ ವೇಗದ ಕ್ರ್ಯಾಬ್ ಪಲ್ಸಾರ್ ತಿರುಗುತ್ತಿದ್ದುದು ಸುಮಾರು 30 ಸಲ. 30ರಿಂದ 642ಕ್ಕೆ ಹಾರಿದ್ದು ಯಾಕೆ ದೊಡ್ಡದು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ವೈದ್ಯಕೀಯಕ್ಕೂ ಇದೇ ಪ್ರಶ್ನೆ. ಅದೇ ವರ್ಷ ಸ್ವೀ ಲೇ ಥೇನ್ ಮತ್ತು ಸ್ಟುವರ್ಟ್ ಆರ್ಕಿನ್ ಅವರಿಗೆ ಕೊಟ್ಟರು. ಹೊಟ್ಟೆಯಲ್ಲಿರುವ ಮಗುವಿನ ಹಿಮೋಗ್ಲೋಬಿನ್ ಬೇರೆ, ಹುಟ್ಟಿದ ಕೆಲವು ತಿಂಗಳಲ್ಲಿ ಅದು ನಿಂತು ದೊಡ್ಡವರದ್ದು ಶುರುವಾಗುತ್ತದೆ, ಸಿಕಲ್ ಸೆಲ್ ಮತ್ತು ಬೀಟಾ ಥಲಸ್ಸೇಮಿಯಾ ಅನ್ನೋ ಹುಟ್ಟಿನಿಂದ ಬರುವ ರಕ್ತದ ಕಾಯಿಲೆಗಳಲ್ಲಿ ಕೆಟ್ಟಿರುವುದು ಈ ಎರಡನೆಯದು. ಮೊದಲನೆಯದನ್ನು ನಿಲ್ಲಿಸುವ ಸ್ವಿಚ್ಚೇ ಬಿಸಿಎಲ್11ಎ ಅನ್ನೋ ಜೀನ್ ಅಂತ ಇವರ ಕೆಲಸದಿಂದ ಗೊತ್ತಾಯ್ತು. ರಕ್ತಕಣ ತಯಾರಿಸುವ ಜೀವಕೋಶಗಳಲ್ಲಿ ಅದನ್ನು ತಡೆದರೆ ಮಗುವಿನ ಹಿಮೋಗ್ಲೋಬಿನ್ ಮತ್ತೆ ಬರುತ್ತದೆ. ಈ ದಾರಿಯಲ್ಲಿ ಬಂದ ಕ್ಯಾಸ್‌ಜೆವಿ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟಿತು. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ನಮ್ಮ ಚಾಮರಾಜನಗರದ ಸೋಲಿಗರಲ್ಲೂ ಸಿಕಲ್ ಸೆಲ್ ಇದೆ, ಅವರಿಗೆ ಇದು ಎಟಕುವ ದಿನ ಬೇಗ ಬರಬೇಕು.

ಬಿಡುವಿದ್ದಾಗ ಹಳೆಯ ಪಟ್ಟಿಯನ್ನೂ ನೋಡಿ. 2004ರಲ್ಲಿ ಶಾ ಪ್ರಶಸ್ತಿ ಪಡೆದ ಖಗೋಳವಿಜ್ಞಾನಿ ಜಿಮ್ ಪೀಬಲ್ಸ್‌ಗೆ ನೊಬೆಲ್ ಬಂದಿದ್ದು 2019ರಲ್ಲಿ, 2008ರಲ್ಲಿ ಪಡೆದ ಜೀವವಿಜ್ಞಾನಿ ಶಿನ್ಯಾ ಯಮನಾಕಾಗೆ 2012ರಲ್ಲಿ. ಶುರು ಮಾಡೋಕೆ 2006ರ ಖಗೋಳ ಪ್ರಶಸ್ತಿ ಒಳ್ಳೆಯದು: ವಿಶ್ವ ಹಿಗ್ಗುವ ವೇಗ ಹೆಚ್ಚುತ್ತಲೇ ಇದೆ ಅಂತ ಕಂಡುಹಿಡಿದ ಮೂವರಿಗೆ ಕೊಟ್ಟಿದ್ದು.