ಎತ್ತುವವರಿಲ್ಲದೆ ಹೊರಸಿನಿಂದ ಗಾಲಿ ಕುರ್ಚಿಗೆ: ಹಲಗೆ ಮಾಡಿದ ಕೆಲಸ

ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನ ಹೋದ ಪೇಷಂಟ್, ನಡುವೆ ಸೇತುವೆಯಂತೆ ಹಲಗೆ ಇಟ್ಟು, ತಾನೇ ಹೊರಸಿನಿಂದ ಗಾಲಿ ಕುರ್ಚಿಗೆ ದಾಟಬೇಕು ಅಂದಾಗ ಗದಗ ಕಡೆಯ ಮನೆಮಂದಿ ಬಿಡಿ, ನಮ್ಮ ಫಿಸಿಯೋ ಬಳಗದವರೇ ನಕ್ಕರು. ‘ಇಬ್ಬರು ಬಗಲಾಗ ಕೈ ಹಾಕಿ ಎತ್ತಿದ್ರ ಮುಗೀತಲ್ರಿ, ಹಲಿಗಿ ಯಾಕ?’ ಆ ಇಬ್ಬರೂ ಹೊಲಕ್ಕೆ ಹೋದರೆ ಸಂಜೆವರೆಗೂ ಪೇಷಂಟ್ ಹೊರಸಿನಲ್ಲೇ. ಬೆನ್ನ ಹುಣ್ಣು ಶುರುವಾಗುವುದೇ ಅಲ್ಲಿ. ಈಗ ಟಿ10ರ (ಬೆನ್ನಿನ ಎದೆಭಾಗದ ಹತ್ತನೇ ಮಣಿ) ಕೆಳಗೆ ಪೆಟ್ಟಾದವರು, ತೋಳು ಗಟ್ಟಿ ಇದ್ದರೆ, ತಿಂಗಳು ಒಂದೂವರೆ ತಿಂಗಳಲ್ಲಿ ತಾವೇ ದಾಟುತ್ತಿದ್ದಾರೆ. ನಕ್ಕವರು ಹಲಗೆಯ ಅಳತೆ ಕೇಳಿ ಫೋನ್ ಮಾಡುತ್ತಾರೆ. ಇದೆಲ್ಲ ಸರ್ಜನ್ ಕೂರಲು, ತಿರುಗಲು ಬಿಟ್ಟ ಮೇಲಿನ ಮಾತು. ಟಿ6 ಮತ್ತು ಮೇಲಿನವರಿಗೆ ಬಿಪಿ ಏರಿಳಿತ ಹಿಡಿತಕ್ಕೆ ಬರುವವರೆಗೆ ಹಲಗೆ ಬೇಡ.

ರೆಡಿಮೇಡ್ ಹಲಗೆ ದುಬಾರಿ. ಹುಬ್ಬಳ್ಳಿಯಲ್ಲಿ 18 ಎಂಎಂ ಪ್ಲೈವುಡ್‌ನ ಕಟ್ ಪೀಸ್ ಕೊಂಡು, ಬಡಿಗೇರನ ಕೂಲಿ ಸೇರಿ ಆರೇಳು ನೂರಕ್ಕೆ ಮುಗಿಯಿತು. ಉದ್ದ ಸುಮಾರು 28 ಇಂಚು, ಅಗಲ 9ರಿಂದ 10. ಎರಡೂ ತುದಿಗೆ ಮೂರು ಇಂಚು ಕೆಳಗಿನಿಂದ ರಂದಾ ಹೊಡೆಸಿ ತೆಳ್ಳಗೆ ಮಾಡಿಸಬೇಕು, ಇಲ್ಲದಿದ್ದರೆ ತೊಡೆ ಕೆಳಗೆ ನುಸುಳುವುದಿಲ್ಲ. 12 ಎಂಎಂ ಬಾಗುತ್ತದೆ.  ಸನ್‌ಮೈಕಾ ಹಚ್ಚಿದ ಹಲಗೆ ಪೂರಾ ಫೇಲ್: ಬರಿಮೈ ಬೆವರಿಗೆ ಅಂಟಿ ತೊಗಲು ಅಲ್ಲೇ ನಿಲ್ಲುತ್ತದೆ, ಎಲುಬು ಮುಂದೆ ಹೋಗುತ್ತದೆ, ಕುಂಡಿ ಕೆಂಪಾಗುತ್ತದೆ. ಹಿಂದೆ ಜೇಬಿಲ್ಲದ ಪ್ಯಾಂಟ್ ಇರಲೇಬೇಕು. ವಾರ್ನಿಷ್ ಒಣಗಿದ ಮೇಲೆ ಏನು ತಿಕ್ಕುತ್ತೇವೆ ಅನ್ನುವುದು ನಮ್ಮಲ್ಲೇ ಇರಲಿ.

ಅಸಲಿ ಆಟ ಎತ್ತರದ್ದು. ಕುರ್ಚಿ ಸೀಟು 19–20 ಇಂಚು, ಮೇಲೆ ಫೋಮ್ ದಿಂಬು. ಹೊರಸು 15–16, ನವಾರದ್ದಾದರೆ ನಡುವೆ ಕುಸಿದು ಇನ್ನೂ ಕೆಳಗೆ. ಹೊಸಬರಿಗೆ ಅಷ್ಟು ಏರುವುದು ಆಗದ ಮಾತು. ನವಾರ ಬಿಚ್ಚಿಸಿ ಪ್ಲೈ ಹಾಸಿ, ಬಿಗಿ ಫೋಮಿನ ಗಾದಿ ಹಾಕಿಸಿ. ಹೊರಸಿನ ಕಾಲುಗಳ ಕೆಳಗೆ ಜಾಲಿ ಕಟ್ಟಿಗೆಯ ತುಂಡು, ಒಂದೊಂದರಲ್ಲೂ ಇಂಚು ಆಳದ ಗುಳಿ. ಗುಳಿ ಇಲ್ಲದಿದ್ದರೆ ಹೊರಸು ಜಾರುತ್ತದೆ. ಪೇಷಂಟ್ ಕೂತ ಮೇಲೇ ಅಳೆಯಿರಿ, ಗಾದಿ ಒಂದಷ್ಟು, ದಿಂಬು ಒಂದಷ್ಟು ಕುಸಿಯುತ್ತವೆ. ಮೊದಲ ವಾರ ಅರ್ಧ ಇಂಚು ಇಳಿಜಾರಿನ ಕಡೆಗೆ ಮಾತ್ರ ದಾಟಿಸಿ. ಎತ್ತರಿಸಿದ ಹೊರಸಿನಿಂದ ಪಾದ ನೆಲಕ್ಕೆ ಮುಟ್ಟದಿದ್ದರೆ ಪಾದದ ಕೆಳಗೆ ಮಣೆ ಇಡಿ. ಪಾದ ತೂಗಾಡಿದರೆ ಬ್ಯಾಲೆನ್ಸ್ ಸಿಗುವುದಿಲ್ಲ.

ಪುಕ್ಕಟೆ ಸಿಗುವ ಎಷ್ಟೋ ಕುರ್ಚಿಗಳ ಕೈ ಬೆಸುಗೆ ಹಾಕಿದ್ದು, ಹಲಗೆಗೆ ಅಡ್ಡ. ಹೊರಸಿನ ಕಡೆಯ ಕೈಯನ್ನಷ್ಟೇ ಕತ್ತರಿಸಿ, ಒಳಪೈಪ್ ಕೂರಿಸಿ, ಪಿನ್ ಹಾಕಿಸಿದರೆ ಬಿಚ್ಚಬಹುದು. ವೆಲ್ಡಿಂಗ್‌ನವರು ನಾಲ್ಕೈದು ನೂರು ತಗೋತಾರೆ. ಬೆನ್ನಿನ ಪೈಪ್ ಮುಟ್ಟಿಸಬೇಡಿ, ಚೌಕಟ್ಟು ಸಡಿಲಾಗುತ್ತದೆ.

ಕುರ್ಚಿಯನ್ನು ಸುಮಾರು 30 ಡಿಗ್ರಿ ಓರೆ ನಿಲ್ಲಿಸಿ, ತುಸು ಹಿಂದೆ ಸರಿಸಿದರೆ ಸಣ್ಣ ಗಾಲಿಗಳು ಮುಂದಕ್ಕೆ ತಿರುಗುತ್ತವೆ, ಕುರ್ಚಿ ಮುಗ್ಗರಿಸುವುದಿಲ್ಲ. ಬ್ರೇಕ್ ಹಾಕಿ, ಹಲಗೆಯ ಮೂರನೇ ಒಂದು ಭಾಗ ತೊಡೆ ಕೆಳಗೆ ತಳ್ಳಿ. ಎಲ್ಲರೂ ಎಡವುವುದು ಇಲ್ಲೇ: ಕುರ್ಚಿ ಕಡೆ ನೋಡುತ್ತಾ ಅದರತ್ತಲೇ ವಾಲುತ್ತಾರೆ. ತಲೆ ಮುಂದೆ ಬಗ್ಗಿ ಕುರ್ಚಿಯ ವಿರುದ್ಧ ದಿಕ್ಕಿಗೆ ಹೋದರೆ ಮಾತ್ರ ಕುಂಡಿ ಎದ್ದು ಕುರ್ಚಿ ಕಡೆ ಬರುತ್ತದೆ. ಮೊಣಕೈ ನೆಟ್ಟಗೆ, ಭುಜ ಕೆಳಗೆ ಒತ್ತಿ, ಎತ್ತು, ಮೂರ್ನಾಲ್ಕು ಇಂಚು ಸರಿ, ಇಳಿ. ಎಳೆದುಕೊಂಡು ಜಾರುವುದಲ್ಲ. ಬೆರಳು ಹಲಗೆಯ ಅಂಚಿನ ಕೆಳಗೆ ಹೋಗಬಾರದು. ಪ್ರತಿ ಎರಡು ಜಿಗಿತಕ್ಕೆ ಕಾಲನ್ನು ಕೈಯಿಂದ ಸರಿಸಬೇಕು. ಹಿಂದುಳಿದ ಪಾದ ತಿರುಚಿದರೂ ಅವರಿಗೆ ಗೊತ್ತಾಗುವುದಿಲ್ಲ.

ದಿಂಬಿನ ಬದಲು ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂರಿಸಿಯೂ ನೋಡಿದ್ದಾಯಿತು, ಹಳ್ಳಿಗಳಲ್ಲಿ ಅದೇ ರೂಢಿ. ಬಳೆಯ ಅಂಚು ಒತ್ತಿ ನಡುವಿನ ತೊಗಲಿಗೆ ರಕ್ತ ಬರುವುದು ಕಡಿಮೆಯಾಗುತ್ತದೆ. ನಾಲ್ಕು ಇಂಚಿನ ಗಟ್ಟಿ ಫೋಮೇ ವಾಸಿ, ಅದರ ಮೇಲೂ 15–20 ನಿಮಿಷಕ್ಕೊಮ್ಮೆ ಮುಂದೆ ಬಗ್ಗಿ ಎರಡು ನಿಮಿಷ ಇರಬೇಕು. ರಾತ್ರಿ ಮೊಬೈಲ್‌ನಲ್ಲಿ ಕುಂಡಿಯ ಫೋಟೋ ತೆಗೆದು ಪೇಷಂಟ್‌ಗೇ ತೋರಿಸಿ. ಕೆಂಪು ಅರ್ಧ ಗಂಟೆಗೂ ಹೋಗದಿದ್ದರೆ, ಅದು ಮಾಯುವವರೆಗೆ ಕುರ್ಚಿ ಬಂದ್.

ಕುರ್ಚಿಯ ಬ್ರೇಕ್ ಟೈರಿಗೆ ಒತ್ತಿಯೇ ಹಿಡಿಯುತ್ತದೆ. ಗಾಳಿ ಇಳಿದರೆ ಬ್ರೇಕ್ ಹಾಕಿದ್ದರೂ ಕುರ್ಚಿ ಸರಿದು, ಹಲಗೆ ಸಮೇತ ಪೇಷಂಟ್ ನೆಲಕ್ಕೆ. ಜಾಲಿ ಮುಳ್ಳಿನ ನಮ್ಮ ಸೀಮೆಗೆ ಗಟ್ಟಿ ರಬ್ಬರಿನ ಟೈರನ್ನೇ ಕೇಳಿ ಹಾಕಿಸಿ.